ಮೇಸ್ತ್ರಿಯವರು ಆರಿಸಿದ ರಬ್ಬರು

ಹರ್ಷ, ಕಾವ್ಯ, ಪುಟ್ಟ ಚಿನ್ಮಯ,

ಮೇಸ್ತ್ರಿಯವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಗೆ, ದಪ್ಪಗೆ, ಎತ್ತಿನ ಗೊರಸಿನ ಚೂರಿನ ಹಾಗಿತ್ತು. ಎಂದೋ ಎಂಜಿನ್ನಿನ ಚಕ್ರ ಬಿದ್ದು ಜಜ್ಜಿಹೋಗಿ ಮತ್ತೆ ಬೆಳೆದ ಉಗುರಂತೆ. ಆ ಉಗುರಿನಿಂದ ಅವರು ಎಲ್ಲವನ್ನೂ ಒತ್ತಿ ನೋಡುತ್ತಿದ್ದರು. ರಬ್ಬರು, ಚರ್ಮ, ಮರ, ನಮ್ಮ ಹಿತ್ತಿಲ ಸೀಬೆಕಾಯಿ, ನಾನು ಕೊಟ್ಟ ರಾಗಿಮುದ್ದೆ ಕೂಡ. ಒತ್ತಿ, ಉಗುರು ಎತ್ತಿ, ಆ ಗುಳಿ ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದು ನೋಡುವರು. "ವಾಪಸ್ ಬರ್ಬೇಕು ಅಮ್ಮಣ್ಣಿ, ಒತ್ತಿದ್ದು ವಾಪಸ್ ಬರ್ಬೇಕು" ಎನ್ನುವರು.

ಹೋದ ಆಯುಧಪೂಜೆಯ ದಿನ ನಿಮ್ಮಪ್ಪ ಕಾರಿಗೆ ಆರತಿ ಎತ್ತುತ್ತಿದ್ದಾಗ ಕಾವ್ಯ ನನ್ನನ್ನು ಕೇಳಿದಳು: "ಅಜ್ಜಿ, ತಾತ ಕರ್ಪೂರ ಬೀಳಿಸ್ಕೊಂಡು ಸತ್ತೋದ್ರಂತೆ, ನಿಜಾನಾ?" ಮನೆತುಂಬ ಜನರಿದ್ದರು. ನನಗೆ ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ, ಅದು ಮೊದಲಿನಿಂದಲೂ ಹಾಗೆಯೇ. ಎದ್ದು ಒಳಗೆ ಹೋದೆ. ಮಗು ಕೇಳಿದ್ದು ತಪ್ಪಲ್ಲ. ನೆಂಟರಿಷ್ಟರಲ್ಲಿ ಇಂದಿಗೂ ಆ ಮಾತೇ ಓಡಾಡುತ್ತಿದೆ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದವಳು. ಬರೆಯುವುದಕ್ಕೂ ಸಂಕೋಚವೇ. ಆದರೂ ಇದನ್ನು ಬರೆಯದೆ ಹೋದರೆ ಇಬ್ಬರಿಗೆ ಅನ್ಯಾಯವಾಗುತ್ತದೆ. ಒಬ್ಬರು ನಿಮ್ಮ ತಾತ. ಇನ್ನೊಬ್ಬರು ಮೇಸ್ತ್ರಿಯವರು.

ನಾನು ಮದುವೆಯಾಗಿ ಜರಗನಹಳ್ಳಿಗೆ ಬಂದ ಕಾಲಕ್ಕೆ ಕನಕಪುರದ ರಸ್ತೆಯ ಎರಡು ಬದಿಗೂ ಹೊಲ, ಬಾವಿ, ತರಕಾರಿ ಮಡಿ. ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷಗಳಾಗಿದ್ದಿರಬೇಕು. ಜಯನಗರದ ಕಡೆ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು, ನಮ್ಮೂರಿನವರಿಗೆ ಅದು ತಮಾಷೆ. ರಸ್ತೆಯ ಪಕ್ಕದಲ್ಲಿ ತಗಡಿನ ಷೆಡ್ಡೊಂದಿತ್ತು. ಬಾವಿಯಿಂದ ನೀರೆತ್ತುವ ಎಂಜಿನ್ನುಗಳನ್ನು ರೈತರಿಗೆ ಬಾಡಿಗೆಗೆ ಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ಅಲ್ಲಿಯ ಕೆಲಸ. ಎಂಜಿನ್ನನ್ನು ಗಾಡಿಗೆ ಹೇರಿಕೊಂಡು ಪುಟ್ಟೇನಹಳ್ಳಿಯವರೂ ಬಂದು ಒಯ್ಯುತ್ತಿದ್ದರು. ಷೆಡ್ಡಿನ ಧಣಿಗಳು ನಮ್ಮೂರಿನ ಜಮೀನುದಾರರು. ನಿಮ್ಮ ತಾತ ಅಲ್ಲಿ ಫಿಟ್ಟರು. ಅವರ ಮೇಲಿನವರು ಮೇಸ್ತ್ರಿಯವರು.

ಮೇಸ್ತ್ರಿಯವರು ಕೋಲಾರದ ಕಡೆಯವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಷೆಡ್ಡಿನ ಹಿಂದಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಯುದ್ಧದ ಕಾಲದಲ್ಲಿ ವಿಮಾನ ರಿಪೇರಿಯ ಜಾಗದಲ್ಲಿ ಕೆಲಸ ಮಾಡಿದ್ದವರು ಎಂದು ಎಲ್ಲರಿಗೂ ಅವರೆಂದರೆ ಭಯಭಕ್ತಿ. ಅವರಿಗೂ ಆ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುತ್ತಿರಲಿಲ್ಲ. ಅವರು ಒಮ್ಮೆ ಸರಿ ಎಂದರೆ ಅದರ ಮೇಲೆ ಇನ್ನೊಬ್ಬರು ಮಾತಾಡುವ ಹಾಗಿರಲಿಲ್ಲ.

ಆ ಎಂಜಿನ್ನುಗಳು ಪೆಟ್ರೋಲಿನಲ್ಲಿ ಶುರುವಾಗಿ, ಕಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥವು. ಪೆಟ್ರೋಲಿನ ಟ್ಯಾಂಕಿನ ತಳದಲ್ಲಿ ಒಂದು ಹಿತ್ತಾಳೆ ನಲ್ಲಿ. ನಲ್ಲಿ ಟ್ಯಾಂಕಿಗೆ ಕೂಡುವ ಕಡೆ ಉಂಗುರದಂಥ ಒಂದು ವಾಷರು. ಅದು ಬಿಗಿಯಾಗಿ ಕೂತಿದ್ದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಎಂಜಿನ್ನಿನ ಜೊತೆಯಲ್ಲೇ ಪರದೇಶದಿಂದ ಬಂದಿದ್ದ ವಾಷರುಗಳು ಹಳತಾಗಿದ್ದವು, ಹೊಸವು ಬರುವುದು ನಿಂತುಹೋಗಿತ್ತು. ಎಲ್ಲ ಷೆಡ್ಡಿನವರೂ ಸೈಕಲ್ ಟ್ಯೂಬು ಕತ್ತರಿಸಿ ಹಾಕುತ್ತಿದ್ದರು. ಅದು ಪೆಟ್ರೋಲು ಕುಡಿದು ಉಬ್ಬಿ, ಅಂಟಂಟಾಗಿ, ಆ ಅಂಟು ಹೋಗಿ ಎಂಜಿನ್ನಿನ ಗಂಟಲಿಗೆ ಕಟ್ಟಿಕೊಳ್ಳುತ್ತಿತ್ತು. ಹೂಕೋಸಿಗೆ ನೀರು ಬಿಡುವ ಹೊತ್ತಿನಲ್ಲಿ ಎಂಜಿನ್ನು ನಿಂತರೆ ರೈತ ಸುಮ್ಮನಿರುತ್ತಾನೆಯೇ? ಷೆಡ್ಡಿನ ಬಾಗಿಲಲ್ಲಿ ದಿನವೂ ಕೂಗಾಟ.

ಹಾಗಾಗಿ ಪೆಟ್ರೋಲಿಗೆ ತಡೆಯುವ ರಬ್ಬರು ಯಾವುದು ಎಂದು ತಾವೇ ಆರಿಸುವುದಾಗಿ ಮೇಸ್ತ್ರಿಯವರು ಹೊರಟರು. ಸಿಟಿಯಲ್ಲಿ ರಬ್ಬರಿಗೆ ಅಚ್ಚು ಹಾಕುವವನ ಹತ್ತಿರ ಹೋಗಿ ಬೇರೆ ಬೇರೆ ಹಾಳೆಗಳ ತುಂಡು ತಂದರು. ಎಲ್ಲ ಕಪ್ಪು. ನನ್ನ ಕಣ್ಣಿಗೆ ಎಲ್ಲ ಒಂದೇ. ಅವುಗಳಿಂದ ವಾಷರು ಕತ್ತರಿಸಿ, ಅಗಲ ಬಾಯಿಯ ಗಾಜಿನ ಸೀಸೆಗಳಲ್ಲಿ ಪೆಟ್ರೋಲು ಹಾಕಿ ನೆನೆಸಬೇಕು. ಷೆಡ್ಡಿನಲ್ಲಿ ಇಟ್ಟರೆ ಯಾರಾದರೂ ಬೀಡಿ ಎಸೆದಾರು, ಇಲ್ಲವೇ ಕೈ ತೊಳೆಯಲು ಪೆಟ್ರೋಲು ಸುರಿದುಕೊಂಡಾರು. ನಮ್ಮ ಹಿತ್ತಿಲ ಗೋಡೆಯಲ್ಲಿ, ಒಲೆಯಿಂದ ದೂರ, ಒಂದು ಗೂಡಿತ್ತು. ನಿಮ್ಮ ತಾತ ಅದನ್ನು ತೋರಿಸಿದರು.

ಸೀಸೆಗಳನ್ನು ಜೋಡಿಸಿದ ದಿನ ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು. "ಏನ್ ಮೇಸ್ತ್ರಿ, ನಮ್ ಮನೇಲಿ ಮಾವಿನಕಾಯ್ಗೇ ಜಾಡಿ ಇಲ್ಲ, ನೀನು ರಬ್ಬರ್ ಉಪ್ಪಿನ್ಕಾಯಿ ಹಾಕ್ತಾ ಕುಂತಿದೀಯಾ?"

"ಉಪ್ಪು ಖಾರ ನೀವೇ ನೋಡಿ ಹೇಳ್ಬೇಕು ತಾಯಿ" ಎಂದರು ಮೇಸ್ತ್ರಿಯವರು.

"ನೆಕ್ಕಿ ನೋಡಕ್ಕೆ ನಿನ್ ಧಣೀನೇ ಕರ್ಸು" ಎಂದು ಅತ್ತೆ ನಕ್ಕರು. ನಮ್ಮತ್ತೆ ನಗುತ್ತಿದ್ದ ಕಾಲ ಅದು.

ಸೀಸೆಗಳ ಕೊರಳಿಗೆ ಗುರುತಿಗೆಂದು ನಾನು ಬಣ್ಣ ಬಣ್ಣದ ದಾರ ಕಟ್ಟಿದೆ. ಪೆಟ್ರೋಲು ಹಾರಿಹೋಗದಂತೆ ಮೇಲೆ ತಗಡಿನ ಮುಚ್ಚಳ, ಆದರೂ ಅದು ಹಾರುತ್ತಲೇ ಇರುತ್ತಿತ್ತು. ಕಡಿಮೆಯಾದಷ್ಟು ಮೇಸ್ತ್ರಿಯವರು ವಾರಕ್ಕೊಮ್ಮೆ ಬಂದು ತುಂಬಿಸುವರು. ನಾನು ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದೆ. ಬೇರೆ ಗಂಡಸರ ಎದುರು ಬಂದು ಮಾತಾಡಿದವಳೇ ಅಲ್ಲ. ಒಂದು ದಿನ ಅವರು ತಿರುಗಿ ನೋಡದೆಯೇ, "ಅಮ್ಮಣ್ಣಿ, ನಿನ್ ಕಣ್ಣು ಚುರುಕಾಗಿದೆ, ದಾರ ಪೋಣಿಸೋ ಕಣ್ಣು. ಬಾ, ಇದನ್ನ ನೋಡು" ಎಂದರು. ಅಂದು ಹೊರಗೆ ಬಂದೆ.

ಹಳೆಯ ನಲ್ಲಿಯೊಂದರ ಹಿತ್ತಾಳೆ ಬಟ್ಟಲನ್ನು ಅವರು ನನಗೆ ಕೊಟ್ಟಿದ್ದರು. ವಾಷರು ಕೂರುವ ಜಾಗ ಅದು. ನೆನೆದ ವಾಷರನ್ನು ಅದರೊಳಗೆ ಕೂರಿಸಬೇಕು, ಆಮೇಲೆ ಬಟ್ಟಲನ್ನು ಮಗುಚಬೇಕು. ಮಗುಚಿದರೆ ವಾಷರು ಬೀಳಬಾರದು. ಕೆಂಪು ದಾರದ ಸೀಸೆಯದು ಸೈಕಲ್ ಟ್ಯೂಬು. ನಾಲ್ಕು ದಿನಕ್ಕೇ ನೆನೆದ ಅವರೆಕಾಳಿನಂತೆ ಊದಿ ಬಟ್ಟಲಿಗೆ ಹಿಡಿಸಲೇ ಇಲ್ಲ. ಹಳದಿ ದಾರದ್ದು ಕಪ್ಪು ನೀರು ಬಿಟ್ಟಿತು. ಬಿಳಿ ದಾರದ್ದು ಅಂಚಿನಲ್ಲಿ ಬಿರುಕು ಬಿಟ್ಟಿತು. ಹಸಿರು ದಾರದ ಸೀಸೆಯದು ಮಾತ್ರ ಒಂದೇ ಒಂದಿಷ್ಟು ಉಬ್ಬಿ, ಬಟ್ಟಲಿಗೆ ಹೇಳಿಮಾಡಿಸಿದಂತೆ ಕೂತಿತು. ಮಗುಚಿ ಕುಲುಕಿದರೂ ಬೀಳಲಿಲ್ಲ.

"ಸ್ವಲ್ಪ ಉಬ್ಬೋದು ಒಳ್ಳೇದೇ" ಎಂದರು ಮೇಸ್ತ್ರಿಯವರು, ಉಗುರಿನಿಂದ ಒತ್ತುತ್ತ. "ಅದೇ ಒತ್ಕೊಂಡು ಕೂರೋದು. ಆದ್ರೂ ಅವಸರ ಬೇಡ. ಇನ್ನೂ ನೆನೀಲಿ."

ಯುಗಾದಿ ಕಳೆದ ಮೇಲೆ ಇಟ್ಟ ಸೀಸೆಗಳನ್ನು ಮಳೆಗಾಲ ಹಿಡಿಯುವ ತನಕ ನೋಡಿದರು. ಧಣಿಗಳು ಎರಡು ಮೂರು ಸಲ ಹೇಳಿಕಳಿಸಿದರೂ ಜಗ್ಗಲಿಲ್ಲ. ಶ್ರಾವಣದಲ್ಲಿ ಎಲ್ಲ ಎಂಜಿನ್ನುಗಳಿಗೂ ಹಸಿರು ದಾರದ ರಬ್ಬರೇ ಬಿತ್ತು. ಆಮೇಲೂ ಗೂಡಿನ ಸೀಸೆಗಳಿಗೆ ವಾರಕ್ಕೊಮ್ಮೆ ಪೆಟ್ರೋಲು ತುಂಬಿಸುವುದನ್ನು ಅವರು ಬಿಡಲಿಲ್ಲ. ಕೂಗಾಟ ನಿಂತಿತು. ನಲ್ಲಿಯ ಕೆಳಗೆ ಬೆರಳಿಟ್ಟು ಒರಸಿ, ಒದ್ದೆಯಾಗದ ಬೆರಳನ್ನು ಧಣಿಗಳಿಗೆ ತೋರಿಸಿ ಮೇಸ್ತ್ರಿಯವರು, "ಮೂಸಿ ನೋಡಿ ಸ್ವಾಮಿ, ವಾಸನೆ ಕೂಡ ಇಲ್ಲ" ಎಂದರಂತೆ. ನಿಮ್ಮ ತಾತ ಮನೆಗೆ ಬಂದು ಅದನ್ನೇ ಅಭಿನಯಿಸಿ ತೋರಿಸಿದ್ದರು.

ನಂತರ ದಸರೆ ಬಂತು.

ನಮ್ಮ ಕಡೆಯ ಷೆಡ್ಡುಗಳಲ್ಲಿ ಆಯುಧಪೂಜೆಗೆ ಎಂಜಿನ್ನನ್ನು ಮದುವಣಿಗನಂತೆ ಸಿಂಗರಿಸುವ ರೂಢಿ. ವಾರ ಮುಂಚೆಯೇ ಟ್ಯಾಂಕು ಬರಿದು ಮಾಡಿ, ತೊಳೆದು, ಹೊಸ ಬಣ್ಣ ಬಳಿದು, ಮುಚ್ಚಳ ತೆಗೆದು ಬಿಸಿಲಿಗೆ ಒಣಗಲು ಬಿಡುತ್ತಾರೆ. ಪೂಜೆಯ ದಿನ ಬೆಳಿಗ್ಗೆ ಹೊಸದಾಗಿ ಪೆಟ್ರೋಲು ತುಂಬಿ, ಬಾಳೆಕಂದು ಕಟ್ಟಿ, ಹೂವು ಮುಡಿಸಿ, ನಿಂಬೆಹಣ್ಣು ಇಡುತ್ತಾರೆ. ಆರತಿ ಆದ ಕೂಡಲೇ ಎಂಜಿನ್ನನ್ನು ಒಮ್ಮೆ ಶುರು ಮಾಡಿ ನಿಲ್ಲಿಸಬೇಕು, ಅದು ಶುಭ. ಆರತಿ ಎತ್ತುವುದು ವರ್ಷ ವರ್ಷವೂ ನಿಮ್ಮ ತಾತನೇ. ಕರ್ಪೂರ ನಮ್ಮ ಮನೆಯದು. ಆ ಸಲವೂ ನಾನೇ ವೀಳ್ಯದೆಲೆಯಲ್ಲಿ ಸುತ್ತಿ ಕೊಟ್ಟೆ, ಗಾಳಿಗೆ ಆರೀತು ಎಂದು ಒಂದೆರಡು ಬಿಲ್ಲೆ ಹೆಚ್ಚಾಗಿಯೇ.

ನಾನು ಮನೆಯಲ್ಲಿ ಹೋಳಿಗೆಗೆ ಬೇಳೆ ರುಬ್ಬುತ್ತಿದ್ದೆ. ಕೂಗು ಕೇಳಿಸಿತು. ಅದು ಸಂತೋಷದ ಕೂಗು ಎಂದುಕೊಂಡೆ.

ಅದರ ವಿವರ ನಿಮಗೆ ಬೇಡ ಮಕ್ಕಳೇ. ಗೋಣಿಚೀಲ ಹಾಕಿ ನಿಮ್ಮ ತಾತನ ಮೈಮೇಲಿನ ಬೆಂಕಿ ಆರಿಸಿದವರು ಮೇಸ್ತ್ರಿಯವರು. ಅವರ ಎರಡು ಅಂಗೈಗಳೂ ಬೆಂದುಹೋದವು. ಎತ್ತಿನ ಗಾಡಿಯಲ್ಲೇ ಆಸ್ಪತ್ರೆಗೆ ಒಯ್ದರು. ನಿಮ್ಮಪ್ಪ ಆಗ ಇನ್ನೂ ತೊದಲು ಮಾತಿನ ಕೂಸು, ಅವನನ್ನು ಸೊಂಟಕ್ಕೆ ಹಾಕಿಕೊಂಡು ನಾನು ಗಾಡಿಯ ಹಿಂದೆ ನಡೆದೆ. ನಿಮ್ಮ ತಾತನಿಗೆ ಮಧ್ಯೆ ಮಧ್ಯೆ ಜ್ಞಾನ ಬರುತ್ತಿತ್ತು. ನನ್ನನ್ನು ಹತ್ತಿರ ಕರೆದು ಹೇಳಿದ ಮಾತು ಒಂದೇ. "ತಟ್ಟೆ ನನ್ ಕೈಲೇ ಇತ್ತು ಕಣೇ. ಬೀಳ್ಲಿಲ್ಲ. ನಾನು ಬೀಳ್ಸ್ಲಿಲ್ಲ." ಮಾರನೆಯ ದಿನ ಹೋಗಿಬಿಟ್ಟರು.

ಷೆಡ್ಡಿನ ಧಣಿಗಳು ಅಷ್ಟರೊಳಗೆ ಠಾಣೆಯವರಿಗೆ ಹೇಳಿಯಾಗಿತ್ತು: ಆರತಿ ತಟ್ಟೆ ಕೈಜಾರಿ ಪೆಟ್ರೋಲಿಗೆ ಕರ್ಪೂರ ಬಿತ್ತು, ಫಿಟ್ಟರಿನ ಅಜಾಗ್ರತೆ. ಊರೂ ಅದನ್ನೇ ಒಪ್ಪಿತು. ಗಂಡ ಸಾಯುವಾಗ ಹೇಳಿದ್ದನ್ನು ನಾನು ಅತ್ತೆಗೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಒಂದ್ ಬಿಲ್ಲೆ ಸಾಕಾಗ್ತಿರ್ಲಿಲ್ವಾ? ಹೊರೆ ಹೊರೆ ಕಟ್ ಕಳ್ಸಿದ್ದು ಯಾಕೆ? ಉರೀಲಿ ಅಂತ್ಲಾ?" ಎಂದರು. ಮಗನನ್ನು ಕಳೆದುಕೊಂಡ ತಾಯಿ. ಆ ದಿನಗಳಲ್ಲಿ ಮನೆಗೆ ಬಂದ ಹೆಂಗಸರೆಲ್ಲ ಒಬ್ಬರ ಕಿವಿಯಲ್ಲಿ ಒಬ್ಬರು ಆ ಬಿಲ್ಲೆಗಳ ಮಾತೇ ಆಡುತ್ತಿದ್ದರು. ತಿಥಿ ಮುಗಿದ ಮೇಲೆ ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ನಾನು ತೌರಿಗೆ ಹೋಗಬೇಕು ಎಂದು ಹಿರಿಯರಲ್ಲಿ ಮಾತಾಗಿತ್ತು. ಗಂಡನನ್ನು ತಿಂದವಳು ಎಂದು ಬಾಯಿಬಿಟ್ಟು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ನನ್ನ ಮಗು ನನ್ನ ಕೈತಪ್ಪಿ ಹೋಗುತ್ತಿತ್ತು.

ಹನ್ನೊಂದರ ತಿಥಿಯ ದಿನ ಮೇಸ್ತ್ರಿಯವರು ಬಂದರು. ಅಲ್ಲಿಯವರೆಗೆ ಜ್ವರದಲ್ಲಿ ಮಲಗಿದ್ದರಂತೆ. ಎರಡು ಕೈಗೂ ಬಟ್ಟೆ ಸುತ್ತಿತ್ತು, ಗಡ್ಡ ಬೆಳೆದಿತ್ತು. ಪಡಸಾಲೆಯಲ್ಲಿ ಧಣಿಗಳೂ ನೆಂಟರೂ ಕೂತಿದ್ದರು. ಇವರು ಯಾರನ್ನೂ ಮಾತಾಡಿಸದೆ ನೇರ ಹಿತ್ತಿಲಿಗೆ ಬಂದರು. ನಾನು ಅಲ್ಲಿ ಮೂಲೆಯಲ್ಲಿ ಕೂತಿದ್ದೆ.

"ಸೀಸೆಗೆ ಪೆಟ್ರೋಲ್ ಹಾಕಿದ್ರಾ ಯಾರಾದ್ರೂ?"

ಇಲ್ಲವೆಂದು ತಲೆಯಾಡಿಸಿದೆ. ಸೂತಕದ ಮನೆ, ಯಾರು ಮುಟ್ಟುತ್ತಾರೆ? ನೋಡಿದರೆ ಸೀಸೆಗಳೆಲ್ಲ ಒಣಗಿದ್ದವು. ತಳದಲ್ಲಿ ವಾಷರು ಮಾತ್ರ ಬಿದ್ದಿತ್ತು.

"ಹಸಿರು ದಾರದ್ದು ತೆಗಿ ಅಮ್ಮಣ್ಣಿ. ನನ್ ಕೈಲಿ ಆಗಲ್ಲ."

ತೆಗೆದೆ. ಮುಟ್ಟಿದ ಕೂಡಲೇ ಬೇರೆ ಅನ್ನಿಸಿತು. ನೆನೆದಿದ್ದಾಗ ಅದು ಕಿವಿಯ ಹಾಲೆಯಂತೆ ಮೆತ್ತಗಿರುತ್ತಿತ್ತು.

"ಉಗುರಲ್ಲಿ ಒತ್ತು. ಹೇಗಿದೆ ಹೇಳು."

"ಹುಣಸೆಬೀಜದಂಗೆ ಐತೆ."

"ಬಟ್ಲಲ್ಲಿ ಕೂರ್ಸು."

ಕೂರಿಸಿದೆ. ಕೂತಿತು ಎನ್ನುವ ಹಾಗಿಲ್ಲ, ಸುಮ್ಮನೆ ಒಳಗೆ ಬಿದ್ದುಕೊಂಡಿತು. ಸುತ್ತಲೂ ಸಂದು ಕಾಣುತ್ತಿತ್ತು. ಮಗುಚು ಎಂದು ಅವರು ಹೇಳಲಿಲ್ಲ. ನಾನೇ ಮಗುಚಿದೆ. ವಾಷರು ಮಣ್ಣಿನ ಮೇಲೆ ಬಿತ್ತು.

ಅದನ್ನೇ ನೋಡುತ್ತ ಅವರು ನನಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ತಿಳಿಯದಂತೆ ಮಾತಾಡಿದರು. "ನೆನ್ಸಿದೆ. ನೆನ್ಸ್ತಾನೇ ಇದ್ದೆ. ಒಂದ್ ದಿನನೂ ಒಣಗ್ಸಿ ನೋಡ್ಲಿಲ್ಲ. ಪೆಟ್ರೋಲು ಅದರ ಜೀವಾನ ಎಳ್ಕೊಂಡು ತಾನು ಒಳಗೆ ಕೂತಿತ್ತು. ಒಣಗಿದ್ದೇ ತಡ ಕುಗ್ಗಿಹೋಗಿದೆ. ಒಂದ್ ವಾರ ಟ್ಯಾಂಕ್ ಒಣಗಾಕಿ ಹೊಸದಾಗಿ ತುಂಬಿದೀವಿ. ಜಿನುಗಿದೆ. ಹೂವು, ಬಾಳೆಕಂದು ಮರೆ. ಯಾರಿಗೂ ಕಂಡಿಲ್ಲ. ವಾಸನೆ ಷೆಡ್ಡಲ್ಲಿ ಯಾವಾಗ್ಲೂ ಇದ್ದಿದ್ದೇ."

"ತಟ್ಟೆ ಬೀಳ್ಲಿಲ್ಲ ಅಂದ್ರು" ಎಂದೆ ನಾನು. ಗಂಡನ ಆ ಮಾತನ್ನು ಹೊರಗಿನವರೊಬ್ಬರಿಗೆ ಹೇಳಿದ್ದು ಅದೇ ಮೊದಲು.

"ಬೀಳೋದು ಬೇಕಿಲ್ಲ. ಪೆಟ್ರೋಲಿನ ಆವಿ ತಟ್ಟೆ ತಂಕ ತಾನೇ ಬರುತ್ತೆ."

ನನಗೆ ಆಗ ಅನ್ನಿಸಿದ್ದನ್ನು ಇದ್ದಹಾಗೆಯೇ ಬರೆಯುತ್ತೇನೆ. ಇವರು ಈ ವಾಷರನ್ನು ಜೇಬಿಗೆ ಹಾಕಿಕೊಂಡು ಹಿಂದಿನ ಬಾಗಿಲಿಂದ ಹೋಗಿಬಿಡುತ್ತಾರೆ ಎಂದುಕೊಂಡೆ. ಅವರನ್ನು ತಡೆಯುವವರು ಯಾರೂ ಇರಲಿಲ್ಲ. ನಾನಂತೂ ಅಲ್ಲ.

ಅವರು ಬಗ್ಗಿ, ಬಟ್ಟೆ ಸುತ್ತಿದ ಎರಡು ಕೈಗಳ ನಡುವೆ ವಾಷರನ್ನೂ ಬಟ್ಟಲನ್ನೂ ಹೇಗೋ ಎತ್ತಿಕೊಂಡು ಪಡಸಾಲೆಗೆ ಹೋದರು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತೆ.

"ಸ್ವಾಮಿ" ಎಂದರು ಧಣಿಗಳಿಗೆ. "ಠಾಣೇಲಿ ಬರೆಸಿದ್ದು ತಪ್ಪು. ಕರ್ಪೂರ ಬಿದ್ದು ಹತ್ಕೊಂಡಿದ್ದಲ್ಲ. ನಲ್ಲಿ ಜಿನುಗಿದ್ದು." ಬಟ್ಟಲಿಗೆ ವಾಷರು ಹಾಕಿ ಮಗುಚಿದರು. ಚಾಪೆಯ ಮೇಲೆ ಬಿತ್ತು. "ಇದನ್ನ ಆರಿಸ್ದೋನು ನಾನು."

ಧಣಿಗಳು ಎಲೆಅಡಿಕೆ ಜಗಿಯುತ್ತಲೇ, "ಊಟ ಮಾಡ್ಕೊಂಡು ಹೋಗು ಮೇಸ್ತ್ರಿ. ಜ್ವರ ಇನ್ನೂ ಬಿಟ್ಟಿಲ್ಲ ನಿಂಗೆ" ಎಂದರು.

ನೆಂಟರಲ್ಲಿ ಒಬ್ಬರು ನಕ್ಕರು. "ಇಷ್ಟ್ ರಬ್ಬರ್ ಚೂರಿಗೆ ಅಷ್ಟ್ ದೊಡ್ ಆಳು ಸಾಯ್ತಾನಾ?"

"ಸತ್ತಿದ್ದಾನಲ್ಲಪ್ಪ" ಎಂದರು ಮೇಸ್ತ್ರಿಯವರು.

ಧಣಿಗಳು ದನಿ ತಗ್ಗಿಸಿದರು. "ನೋಡು, ಆಗಿದ್ದು ಆಗೋಯ್ತು. ಕೇಸು ಮುಚ್ಚೋಯ್ತು. ನೀನು ಬಾಯಿ ಬಿಟ್ರೆ ನಿನ್ನ ಇಟ್ಕೊಳಕ್ಕೆ ನಂಗಾಗಲ್ಲ. ಈ ರಸ್ತೇಲಿ ಇನ್ ಯಾರೂ ಇಟ್ಕೊಳಲ್ಲ."

"ಇಟ್ಕೋಬೇಡಿ. ನಾಳೆ ಹೋಗಿ ಬರೆಸ್ತೀನಿ. ಕರ್ಪೂರ ಅಲ್ಲಿ ಹಚ್ಚೋದೂ ತಪ್ಪೇ ಸ್ವಾಮಿ. ವರ್ಷ ವರ್ಷ ಕೈಮುಗಿದು ನೋಡ್ತಾ ನಿಂತಿದ್ದೋನು ನಾನೇ. ಅದನ್ನೂ ಬರೆಸ್ತೀನಿ. ಆದ್ರೆ ಆ ಹುಡುಗಿ ತಲೆಗೆ ಇದನ್ನ ಕಟ್ಬೇಡಿ."

ಆಗ ನಮ್ಮತ್ತೆ ಎದ್ದರು. ಕಂಬ ಹಿಡಿದುಕೊಂಡು ಎದ್ದರು. ಮೇಸ್ತ್ರಿಯವರ ಎದುರು ಬಂದು ನಿಂತು, "ಹಂಗಾದ್ರೆ ನನ್ ಮಗನ್ನ ತೆಗ್ದೋನು ನೀನಾ?" ಎಂದು ಕೇಳಿದರು.

"ಹೌದು ತಾಯಿ" ಎಂದರು ಮೇಸ್ತ್ರಿಯವರು.

ಬೇರೆ ಮಾತಿಲ್ಲ. ಗೊತ್ತಾಗಲಿಲ್ಲ ಎನ್ನಲಿಲ್ಲ, ದೇವರಾಟ ಎನ್ನಲಿಲ್ಲ. ಅತ್ತೆ ಅವರ ಎದೆಗೆ ಗುದ್ದಿದರು. ಅವರು ನಿಂತೇ ಇದ್ದರು. ಹೆಂಗಸರು ಅತ್ತೆಯನ್ನು ಹಿಡಿದು ಒಳಗೆ ಕರೆತಂದರು. ಮಾರನೆಯ ಬೆಳಿಗ್ಗೆ ಕೂಸನ್ನು ಎತ್ತಿ ತಂದು ನನ್ನ ಮಡಿಲಿಗೆ ಹಾಕಿ, "ಹಾಲು ಕುಡ್ಸು. ಎಲ್ಲಿಗೂ ಹೋಗ್ಬೇಡ ನೀನು" ಎಂದರು. ಆ ಬಿಲ್ಲೆಗಳ ಮಾತನ್ನು ಅವರು ಬದುಕಿರುವವರೆಗೂ ಮತ್ತೆ ಎತ್ತಲಿಲ್ಲ.

ಮೇಸ್ತ್ರಿಯವರು ಹೇಳಿದಂತೆಯೇ ಠಾಣೆಗೆ ಹೋಗಿ ಬರೆಸಿ ಬಂದರು. ಅದರಿಂದ ಧಣಿಗಳಿಗೆ ಏನೂ ಆಗಲಿಲ್ಲ. ಇವರಿಗೆ ಕೆಲಸ ಹೋಯಿತು, ಕೋಣೆ ಹೋಯಿತು. 'ಬೆಂಕಿ ಮೇಸ್ತ್ರಿ' ಎಂದು ಹೆಸರು ಬಿತ್ತು. ಸುಟ್ಟ ಅಂಗೈಗಳು ಸೊಟ್ಟಗೆ ಮಾಗಿ, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಸ್ಪ್ಯಾನರು ಹಿಡಿಯಲು ಆಗದ ಮೇಸ್ತ್ರಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಪುಟ್ಟೇನಹಳ್ಳಿಯ ಕೆರೆಯ ಕಡೆ ಯಾರದೋ ಜಗುಲಿಗೆ ಇಳಿಜಾರು ತಗಡು ಹಾಕಿಕೊಂಡು ಸ್ಟವ್ವಿಗೆ, ಪಂಪಿಗೆ ವಾಷರು ಕತ್ತರಿಸಿ ಮಾರತೊಡಗಿದರು. ಕತ್ತರಿಸಲೂ ಕೈ ಓಡುತ್ತಿರಲಿಲ್ಲ.

ಒಂದು ದಿನ ನಮ್ಮ ಮನೆಯ ಮುಂದಿನ ಕಲ್ಲಿನ ಮೇಲೆ ಬಂದು ಕೂತರು. ಅತ್ತೆ ಅವರನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ, ಅವರೂ ದಾಟಲು ನೋಡಲಿಲ್ಲ. ಚೀಲದಲ್ಲಿ ರಬ್ಬರ್ ಹಾಳೆ, ಉಕ್ಕಿನ ಅಚ್ಚು, ಮರದ ಸುತ್ತಿಗೆ.

"ಅಮ್ಮಣ್ಣಿ, ನೀನು ಕತ್ತರಿಸು. ಆರ್ಸೋದು ನಾನು ಹೇಳ್ಕೊಡ್ತೀನಿ."

ಅತ್ತೆ ಒಳಗಿನಿಂದಲೇ, "ಮಾಡು. ಅವ್ನ್ ಹತ್ರ ಕಲ್ತ್ಕೋ. ಅವ್ನು ಕೊಡ್ಬೇಕಾದ್ದೇ ಅದು" ಎಂದರು, ಅವರಿಗೂ ಕೇಳುವ ಹಾಗೆ.

ಹಾಗೆ ಶುರುವಾಯಿತು. ನಿಮ್ಮಪ್ಪನನ್ನು ಓದಿಸಿದ್ದು ಆ ಅಚ್ಚು, ಆ ಸುತ್ತಿಗೆ. ನೀರಿಗೆ ಯಾವುದು, ಸೀಮೆಎಣ್ಣೆಗೆ ಯಾವುದು, ಪೆಟ್ರೋಲಿಗೆ ಯಾವುದು ಎಂದು ಅವರು ಒಂದೊಂದಾಗಿ ಕಲಿಸಿದರು. ಹೊಸ ಹಾಳೆ ಬಂದರೆ ಮೊದಲು ನೆನೆಸಬೇಕು, ಆಮೇಲೆ ಬಿಸಿಲಲ್ಲಿ ಒಣಗಿಸಬೇಕು, ಮತ್ತೆ ನೆನೆಸಬೇಕು, ಮತ್ತೆ ಒಣಗಿಸಬೇಕು. ಒಣಗಿದಾಗಲೂ ಬಟ್ಟಲಿನಿಂದ ಬೀಳದಿದ್ದರೆ ಮಾತ್ರ ಪೆಟ್ರೋಲಿನ ಕೆಲಸಕ್ಕೆ. ಹಾಗೆ ನಿಲ್ಲುವಂಥ ಹಾಳೆ ಸಿಗಲು ವರ್ಷದ ಮೇಲಾಯಿತು. ಅಲ್ಲಿಯವರೆಗೆ ಪೆಟ್ರೋಲಿನ ವಾಷರನ್ನು ಅವರು ಮಾರಲೇ ಇಲ್ಲ, ಎಷ್ಟು ಜನ ಕೇಳಿದರೂ.

ಜಯನಗರದ ಅಂಗಡಿಯವನೊಬ್ಬ ವಾಷರಿಗೆಂದು ಬಂದು ನಮ್ಮ ಮನೆಯ ಮುಂದೆ ಮೊರದ ಮೇಲೆ ಹರವಿದ ಉಂಗುರಗಳನ್ನು ಕಂಡು, "ಏನ್ ಗುರು, ಹಪ್ಪಳ ಒಣಗ್ಸ್ತಿದೀಯಾ? ಕೊಡು ಮಾರಾಯ, ಗಿರಾಕಿ ಕಾಯ್ತವ್ನೆ" ಎಂದ.

"ಹಪ್ಪಳ ಒಣಗ್ದಿದ್ರೆ ಬೂಷ್ಟು ಬರುತ್ತೆ, ಅಷ್ಟೇ" ಎಂದರು ಮೇಸ್ತ್ರಿಯವರು. "ಇದು ಒಣಗಿದ್ರೆ ಏನಾಗುತ್ತೆ ಅಂತ ಈ ಮನೇಲಿ ಕೇಳು."

ಅಂಗಡಿಯವನು ಬಳೆಯಿಲ್ಲದ ನನ್ನ ಕೈಗಳನ್ನು ನೋಡಿ, ಚೀಲ ಮಡಚಿಕೊಂಡು ಹೊರಟ.

ದಸರೆ ಬಂದರೆ ಅವರು ಕನಕಪುರದ ರಸ್ತೆಯ ಷೆಡ್ಡುಗಳಿಗೆಲ್ಲ ನಡೆದು ಹೋಗುವರು. ಟ್ಯಾಂಕು ತುಂಬಿ ಒಂದು ದಿನ ಬಿಡಿ, ಕೆಳಗೆ ಕಾಗದ ಹಾಸಿ ನೋಡಿ, ಆರತಿಯನ್ನು ಬಾಗಿಲ ಹೊರಗಿನಿಂದ ಎತ್ತಿ. ಇಷ್ಟೇ ಹೇಳುವುದು. "ಬಂದ ನೋಡ್ರೋ ಬೆಂಕಿ ಮೇಸ್ತ್ರಿ, ನೀರ್ ತನ್ರೋ" ಎಂದು ಹುಡುಗರು ನಗುವರು. ನಗಲು ಬಿಟ್ಟು, ನಕ್ಕಾದ ಮೇಲೆ ಇನ್ನೊಮ್ಮೆ ಹೇಳಿ ಮುಂದಿನ ಷೆಡ್ಡಿಗೆ ಹೋಗುವರು. ಕೆಲವರು ಕೇಳಿದರು, ಕೆಲವರು ಕೇಳಲಿಲ್ಲ. ನಮ್ಮನೆಯವರು ಕೆಲಸ ಮಾಡುತ್ತಿದ್ದ ಷೆಡ್ಡಿಗೂ ಹೋಗುತ್ತಿದ್ದರು. ಅಲ್ಲಿ ಒಳಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿ ಬರುತ್ತಿದ್ದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಎದೆಯ ಕಾಯಿಲೆ ಹಿಡಿಯಿತು. ಕೊನೆಗೆ ಆ ತಗಡಿನ ಕೆಳಗೇ ಮಲಗಿದರು. ನಾನು ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ಹೊರಡುವ ಮುಂಚೆ ಒಂದು ದಿನ ಅತ್ತೆಯನ್ನು ಕೇಳಿದೆ, "ನೀವೂ ಬರ್ತೀರಾ?" ಅತ್ತೆ ರಾಗಿ ಕೇರುತ್ತಿದ್ದರು. ಮೊರ ನಿಲ್ಲಿಸಲಿಲ್ಲ. "ನೀನ್ ಹೋಗು. ಗಂಜಿಗೆ ಉಪ್ಪು ಹ್ಯಾಗೈತೆ ನೋಡ್ಕೊಂಡು ಹೋಗು. ನಾನ್ ಬರಲ್ಲ" ಎಂದರು.

ಮೇಸ್ತ್ರಿಯವರಿಗೆ ಉಸಿರು ಸಾಲುತ್ತಿರಲಿಲ್ಲ. ನಾನು ಚಮಚದಲ್ಲಿ ಹಾಕುತ್ತಿದ್ದೆ, ಕೈಯಲ್ಲಿ ಹಿಡಿಯಲು ಅವರಿಂದ ಆಗುತ್ತಿರಲಿಲ್ಲ. ಎರಡು ಗುಟುಕು ಆದ ಮೇಲೆ ಕೇಳಿದರು, "ಅಮ್ಮ ಏನಾದ್ರೂ ಅಂದ್ರಾ?"

ಏನಾದರೂ ಒಂದು ಒಳ್ಳೆಯ ಮಾತನ್ನು ಅತ್ತೆಯ ಬಾಯಿಗೆ ಹಾಕಿ ಹೇಳಬಹುದಿತ್ತು. ಸಾಯುವ ಮನುಷ್ಯ. ಆದರೆ ಅವರು ನಮ್ಮ ಪಡಸಾಲೆಯಲ್ಲಿ ನಿಂತು ಸುಳ್ಳು ಹೇಳಿರಲಿಲ್ಲ.

"ಇಲ್ಲ" ಎಂದೆ.

"ಸರಿ" ಎಂದರು. ಇನ್ನೊಂದು ಗುಟುಕು ನುಂಗಿ, "ಅದು ಸರೀನೇ ಅಮ್ಮಣ್ಣಿ" ಎಂದರು. ಗಂಜಿ ಸಾಕೆಂದು ತಲೆಯಾಡಿಸಿದರು. ಎರಡು ದಿನಕ್ಕೆ ತೀರಿಕೊಂಡರು. ಮಣ್ಣು ಮಾಡಲು ಬಂದವರು ಕೈಬೆರಳೆಣಿಕೆಯ ಮಂದಿ. ಅತ್ತೆ ಆ ದಿನ ಒಲೆ ಹಚ್ಚಲಿಲ್ಲ.

ನನಗೆ ಅವರ ಮೇಲೆ ಸಿಟ್ಟು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಈಗಲೂ ಒಂದೊಂದು ದಿನ ಇರುತ್ತದೆ. ಇನ್ನೊಂದು ವಾರ ಆ ರಬ್ಬರನ್ನು ಬಿಸಿಲಿಗೆ ಇಟ್ಟಿದ್ದರೆ ನಿಮ್ಮ ತಾತ ನಿಮ್ಮನ್ನೆಲ್ಲ ಎತ್ತಿಕೊಳ್ಳುತ್ತಿದ್ದರು. ಆದರೆ ನನ್ನ ಗಂಡನ ಕೊನೆಯ ಮಾತನ್ನು ಆ ಊರಿನಲ್ಲಿ ನಿಜ ಮಾಡಿದವರೂ ಅವರೇ. ನನ್ನ ಮಗನನ್ನು ನನ್ನ ಮಡಿಲಿಗೆ ಹಿಂದಕ್ಕೆ ತಂದವರೂ ಅವರೇ. ಎರಡನ್ನೂ ಕೂಡಿಸಿ ಕಳೆಯಲು ನನ್ನಿಂದ ಆಗಿಲ್ಲ. ಎರಡನ್ನೂ ಹಾಗೆಯೇ ಇಟ್ಟುಕೊಂಡಿದ್ದೇನೆ.

ಕಾವ್ಯ, ನಿಮ್ಮ ತಾತ ಆರತಿ ತಟ್ಟೆಯನ್ನು ಬೀಳಿಸಲಿಲ್ಲ. ಯಾರಾದರೂ ಬೇರೆ ಹೇಳಿದರೆ ನೀನು ಹೇಳು, ನಿನಗೆ ಬಾಯಿದೆ. ಮೇಸ್ತ್ರಿಯವರಿಗೆ ಹಿಂದೆ ಮುಂದೆ ಯಾರೂ ಇಲ್ಲ, ಅವರನ್ನು ಕುರಿತು ಎಲ್ಲಿಯಾದರೂ ಬರೆದದ್ದಿದ್ದರೆ ಅದು ಇಷ್ಟೇ. ನನ್ನ ಅಕ್ಷರ ಸೊಟ್ಟಗಿದೆ ಎಂದು ಎಸೆಯಬೇಡಿ. ಈ ಹಾಳೆಗಳನ್ನು ಮನೆಯ ಪತ್ರಗಳ ಜೊತೆಯಲ್ಲೇ ಇಡಿ, ಮನೆ ಬದಲಾಯಿಸಿದರೆ ಮರೆಯದೆ ತೆಗೆದುಕೊಂಡು ಹೋಗಿ.